ಗುಳಿಗೆ, ಗಡಿಯಾರ ಮತ್ತು ಅನುಪಾನ

ನಮ್ಮ ಕಡೆಯ ನಾಟಿ ವೈದ್ಯರು ಔಷಧ ಕೊಡುವಾಗ ಮೂರು ಸಂಗತಿಗಳನ್ನು ತಪ್ಪದೆ ಹೇಳುತ್ತಿದ್ದರು. ಅದನ್ನು ಯಾವ ಹೊತ್ತಿನಲ್ಲಿ ಸೇವಿಸಬೇಕು, ಯಾವುದರೊಡನೆ ಸೇವಿಸಬೇಕು, ಸೇವಿಸುವಷ್ಟು ದಿನ ಏನನ್ನು ಬಿಡಬೇಕು. ಕಾಲ, ಅನುಪಾನ, ಪಥ್ಯ ಎಂಬ ಈ ಮೂರು ಮಾತುಗಳಿಲ್ಲದೆ ಔಷಧದ ಪೊಟ್ಟಣ ಕೈಗೆ ಬರುತ್ತಿರಲಿಲ್ಲ. ಇಂದು ಔಷಧದಂಗಡಿಯಲ್ಲಿ ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಹಿಂಬದಿಯಲ್ಲಿ ಪೆನ್ನಿನಿಂದ ಎರಡು ಗೀಟು ಎಳೆದು, ಮುಂದಿನ ಗಿರಾಕಿಯ ಕಡೆಗೆ ತಿರುಗುತ್ತಾರೆ. ಆ ಎರಡು ಗೀಟುಗಳಲ್ಲಿ ಕಾಲದ ಸೂಚನೆ ಅರ್ಧ ಮಾತ್ರ ಉಳಿದಿದೆ. ಅನುಪಾನ ಮತ್ತು ಪಥ್ಯಗಳು ಬಿದ್ದೇಹೋಗಿವೆ.

ಉಳಿದ ಮಾತ್ರೆಗಳ ವಿಷಯದಲ್ಲಿ ಇದರಿಂದ ಆಗುವ ಹಾನಿ ಆ ರೋಗಿಗಷ್ಟೇ ಸೀಮಿತವಾಗಿರಬಹುದು. ಆದರೆ ನಾವು ಆಂಟಿಬಯೋಟಿಕ್ ಎಂದು ಕರೆಯುವ ಪ್ರತಿಜೈವಿಕಗಳ ವಿಷಯ ಹಾಗಲ್ಲ. ಅವುಗಳನ್ನು ನುಂಗುವ ಕ್ರಮಕ್ಕೊಂದು ಇತಿಹಾಸವಿದೆ. ಇಂದು ವೈದ್ಯರು ಹೇಳುವ ಒಂದೊಂದು ಸಣ್ಣ ನಿಯಮದ ಹಿಂದೆಯೂ ಯಾವುದೋ ದೇಶದ, ಯಾವುದೋ ಕಾಲದ ಜನರ ನೋವಿದೆ. ಇತಿಹಾಸ ಪಾಠ ಹೇಳಿಕೊಂಡೇ ಬದುಕಿದವನಾದ ನನಗೆ, ನಿಯಮವನ್ನು ಬರಿದೇ ಒಪ್ಪಿಸುವುದಕ್ಕಿಂತ ಅದು ಹುಟ್ಟಿದ ಬಗೆಯನ್ನು ಹೇಳುವುದೇ ಹೆಚ್ಚು ಫಲಕಾರಿ ಎಂದು ತೋರುತ್ತದೆ.

ಬಾಯಿಯ ಮೂಲಕ ಸೇವಿಸಿ ಬ್ಯಾಕ್ಟೀರಿಯಾಗಳನ್ನು ಗೆಲ್ಲುವ ಔಷಧಗಳ ಕಥೆ ಬೂಷ್ಟಿನಿಂದಲ್ಲ, ಬಣ್ಣದಿಂದ ಆರಂಭವಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಅವರು 1932ರಲ್ಲಿ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣದ ವಸ್ತು ಇಲಿಗಳನ್ನು ಮಾರಕ ಸೋಂಕಿನಿಂದ ಉಳಿಸುವುದನ್ನು ಕಂಡರು. 1935ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಸೂಜಿ ಚುಚ್ಚಿ ಕೈಗೆ ನಂಜೇರಿದ್ದ ತಮ್ಮ ಮಗಳಿಗೂ ಅದನ್ನೇ ಕೊಟ್ಟರು, ಮಗಳು ಉಳಿದಳು. ದೇಹದೊಳಗೆ ಕೆಲಸ ಮಾಡುವ ಅಂಶ ಸಲ್ಫನಿಲಮೈಡ್ ಎಂಬುದನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಬೇಗನೆ ತೋರಿಸಿಕೊಟ್ಟರು. ಅಗ್ಗದ, ಯಾರು ಬೇಕಾದರೂ ತಯಾರಿಸಬಹುದಾದ ಮಾತ್ರೆ ಅದು. ಜಗತ್ತು ಅದರ ಮೇಲೆ ಮುಗಿಬಿದ್ದಿತು.

1937ರ ಶರತ್ಕಾಲದಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಕಂಪನಿಯೊಂದು ಮಕ್ಕಳಿಗೂ ನುಂಗಲು ಸುಲಭವಾಗಲೆಂದು ಇದೇ ಔಷಧವನ್ನು ಸಿಹಿಯಾದ ದ್ರವವಾಗಿ ಮಾರಾಟಕ್ಕೆ ಬಿಟ್ಟಿತು. ಪುಡಿಯನ್ನು ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ರುಚಿಯನ್ನೂ ಬಣ್ಣವನ್ನೂ ಪರೀಕ್ಷಿಸಿದ ಕಂಪನಿ ವಿಷವನ್ನು ಪರೀಕ್ಷಿಸಿರಲಿಲ್ಲ; ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕ ಮಕ್ಕಳು, ಮೂತ್ರಪಿಂಡಗಳು ಕೆಟ್ಟು ಸತ್ತರು. ಮರುವರ್ಷ, 1938ರಲ್ಲಿ, ಮಾರುಕಟ್ಟೆಗೆ ಬರುವ ಮುನ್ನ ಔಷಧದ ಸುರಕ್ಷತೆಯನ್ನು ಸಾಬೀತುಪಡಿಸಬೇಕೆಂಬ ಕಾನೂನು ಆ ದೇಶದಲ್ಲಿ ಬಂದಿತು. ಔಷಧ ಒಳ್ಳೆಯದಾದರೂ ಅದನ್ನು ಯಾವುದರಲ್ಲಿ ಬೆರೆಸಿ ಕೊಡುತ್ತೇವೆಂಬುದು ಪ್ರಾಣದ ಪ್ರಶ್ನೆಯಾಗಬಲ್ಲದು ಎಂಬುದು ಈ ಇತಿಹಾಸದ ಮೊದಲ ಪಾಠ.

ಎರಡನೆಯ ಪಾಠ ಪೆನಿಸಿಲಿನ್ನಿನದು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಷ್ಟನ್ನು ಕಂಡ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮುಂತಾದವರು ಅದನ್ನು ಔಷಧವಾಗಿಸಿದ ಕಥೆ ಅಷ್ಟಾಗಿ ಗೊತ್ತಿಲ್ಲ. 1941ರ ಫೆಬ್ರವರಿಯಲ್ಲಿ ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಿದರು. ಮುಖದ ತುಂಬ ಕೀವು, ಒಂದು ಕಣ್ಣು ಹೋಗಿದ್ದ ಮನುಷ್ಯ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಊಟ ಮಾಡತೊಡಗಿದ. ಅಷ್ಟರಲ್ಲಿ ಔಷಧ ಮುಗಿದುಹೋಯಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ತೆಗೆದು ಕೊಟ್ಟರೂ ಸಾಲಲಿಲ್ಲ. ಸೋಂಕು ಮತ್ತೆ ತಲೆಯೆತ್ತಿತು. ಮಾರ್ಚಿಯಲ್ಲಿ ಅವನು ತೀರಿಕೊಂಡ. ಚೇತರಿಕೆ ಬೇರೆ, ರೋಗಮುಕ್ತಿ ಬೇರೆ ಎಂಬುದನ್ನು ಅವನಷ್ಟು ದುಃಖಕರವಾಗಿ ತೋರಿಸಿಕೊಟ್ಟವರು ಕಡಿಮೆ.

ಮೊದಲ ಪೆನಿಸಿಲಿನ್ನನ್ನು ಗುಳಿಗೆಯಾಗಿ ನುಂಗುವುದು ಕಷ್ಟವಾಗಿತ್ತು. ಜಠರದ ಆಮ್ಲ ಅದನ್ನು ಹಾಳುಮಾಡುತ್ತಿತ್ತು. 1950ರ ದಶಕದ ಆರಂಭದಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತದ ಕುಂಡ್ಲ್ ಎಂಬ ಊರಿನಲ್ಲಿ ಆಮ್ಲಕ್ಕೆ ಜಗ್ಗದ ಪೆನಿಸಿಲಿನ್ ವಿ ಸಿದ್ಧವಾದ ಮೇಲೆ ಸೂಜಿಯ ಕೆಲಸವನ್ನು ಮಾತ್ರೆ ಮಾಡತೊಡಗಿತು. ಸೂಜಿಗೆ ಆಸ್ಪತ್ರೆ ಬೇಕು, ಮಾತ್ರೆಗೆ ಬೇಡ. ಔಷಧ ವೈದ್ಯರ ಕೈ ತಪ್ಪಿ ರೋಗಿಯ ಕೈಗೆ ಬಂದ ಗಳಿಗೆ ಅದು. ಇದನ್ನು ಮೊದಲೇ ಊಹಿಸಿದವರು ಸ್ವತಃ ಫ್ಲೆಮಿಂಗ್. 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುತ್ತ, ಮುಂದೊಂದು ದಿನ ಪೆನಿಸಿಲಿನ್ ಅಂಗಡಿಯಲ್ಲಿ ಸಿಗುವಂತಾದಾಗ ತಿಳಿಯದವರು ಸಾಲದಷ್ಟು ಪ್ರಮಾಣದಲ್ಲಿ ಅದನ್ನು ಸೇವಿಸಿ ರೋಗಾಣುಗಳಿಗೆ ಪ್ರತಿರೋಧ ಕಲಿಸಿಬಿಡಬಹುದೆಂದು ಎಚ್ಚರಿಸಿದರು. ಗಂಟಲು ನೋವಿಗೆ ತಾನೇ ಔಷಧ ಕೊಂಡು ಅರೆಬರೆ ಸೇವಿಸಿದ ಒಬ್ಬ ಕಲ್ಪಿತ ಗೃಹಸ್ಥನನ್ನು ಅವರು ಚಿತ್ರಿಸಿದರು. ಅವನಿಂದ ಪ್ರತಿರೋಧದ ರೋಗಾಣು ಅಂಟಿದ ಹೆಂಡತಿ ಸಾಯುತ್ತಾಳೆ. ತಪ್ಪು ಮಾಡಿದವನೊಬ್ಬ, ದಂಡ ತೆತ್ತವಳು ಇನ್ನೊಬ್ಬಳು. ಪ್ರತಿಜೈವಿಕಗಳ ನೀತಿಶಾಸ್ತ್ರವೆಲ್ಲ ಆ ಪುಟ್ಟ ಕಥೆಯಲ್ಲಿ ಅಡಗಿದೆ.

ಇನ್ನು ನಮ್ಮ ನಾಡಿಗೆ ಹತ್ತಿರದ ಕಥೆಗೆ ಬರುತ್ತೇನೆ. ವಿಷಮಶೀತ ಜ್ವರ ಎಂದು ಪುಸ್ತಕಗಳೂ, ಇಪ್ಪತ್ತೊಂದು ದಿನದ ಜ್ವರ ಎಂದು ನಮ್ಮ ಮನೆಗಳೂ ಕರೆಯುತ್ತಿದ್ದ ಟೈಫಾಯಿಡ್‌ಗೆ 1948ರವರೆಗೆ ನಂಬಬಹುದಾದ ಔಷಧವಿರಲಿಲ್ಲ. ವೆನೆಜುವೆಲಾದ ಕರಾಕಸ್ ನಗರದ ಬಳಿಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಕ್ಲೋರಾಂಫೆನಿಕಾಲ್ ದೊರೆತದ್ದು 1947ರಲ್ಲಿ. ಮರುವರ್ಷ ಅಮೆರಿಕದ ವೈದ್ಯರಾದ ಸ್ಮೇಡಲ್, ವುಡ್‌ವರ್ಡ್ ಮತ್ತು ಸಂಗಡಿಗರು ಮಲಯಾದ ಕೌಲಾಲಂಪುರಕ್ಕೆ ಅದನ್ನು ಒಯ್ದರು. ಅವರು ಪರೀಕ್ಷಿಸಲು ಹೊರಟದ್ದು ಪೊದೆಕಾಡಿನ ಟೈಫಸ್ ಎಂಬ ಬೇರೆಯದೇ ಜ್ವರಕ್ಕೆ. ಆದರೆ ಔಷಧ ಪಡೆದವರಲ್ಲಿ ಟೈಫಾಯಿಡ್ ರೋಗಿಗಳೂ ಸೇರಿಕೊಂಡಿದ್ದರು. ಅವರ ಜ್ವರವೂ ಇಳಿಯಿತು. ವಾರಗಟ್ಟಲೆ ಸುಡುತ್ತಿದ್ದ ಜ್ವರ ಮೂರು ನಾಲ್ಕು ದಿನಗಳಲ್ಲಿ ಬಿಡುವುದನ್ನು ಮನುಷ್ಯಕುಲ ಕಂಡದ್ದು ಅದೇ ಮೊದಲು. ಜೊತೆಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ಬೇಗ ನಿಲ್ಲಿಸಿದರೆ ಕೆಲವರಲ್ಲಿ ಜ್ವರ ಮರುಕಳಿಸುತ್ತಿತ್ತು. ಆದ್ದರಿಂದ ಆರು ಗಂಟೆಗೊಮ್ಮೆ, ಹಗಲಿರುಳೂ, ಜ್ವರ ಬಿಟ್ಟ ಮೇಲೂ ಹಲವು ದಿನ ಕೊಡುವ ಕ್ರಮ ಬೆಳೆಯಿತು.

ಆ ಕ್ರಮ ನಮ್ಮ ಮನೆಗೂ ಬಂದಿತ್ತು. 1957ರ ಬೇಸಿಗೆ. ಅರಸೀಕೆರೆಯ ಸಮೀಪದ ನಮ್ಮ ಊರಿನಲ್ಲಿ ಹಿಂದಿನ ವರ್ಷವಷ್ಟೇ ಇದೇ ಜ್ವರಕ್ಕೆ ನಮ್ಮ ಬೀದಿಯ ಹುಡುಗನೊಬ್ಬ ತೀರಿಕೊಂಡಿದ್ದ. ಹದಿಮೂರು ವರ್ಷದ ನನ್ನ ಅಕ್ಕನಿಗೆ ಜ್ವರ ಹತ್ತಿ ಎರಡನೆಯ ವಾರಕ್ಕೆ ಬಿದ್ದಾಗ ತಂದೆಯವರು ಅಮ್ಮನ ಓಲೆಗಳನ್ನು ಗಿರವಿಯಿಟ್ಟು ಕ್ಲೋರೋಮೈಸಿಟಿನ್ ಗುಳಿಗೆಗಳನ್ನು ತಂದರು. ಅಲ್ಲಿಯವರೆಗೆ ನಮಗೆ ಗೊತ್ತಿದ್ದ ಔಷಧವೆಂದರೆ ನಾವೇ ಒಯ್ದ ಸೀಸೆಗೆ ಕಂಪೌಂಡರು ಸುರಿದುಕೊಡುತ್ತಿದ್ದ ಮಿಕ್ಸ್ಚರು. ಹೊತ್ತಿಗೆ ಎಷ್ಟೆಂದು ತಿಳಿಯಲು ಸೀಸೆಯ ಮೈಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಗುಳಿಗೆಗೆ ಅಂಥ ಪಟ್ಟಿಯಿಲ್ಲ. ಓದು ಬಾರದ ಅಮ್ಮ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಸಾಲಿಗೆ ನಾಲ್ಕರಂತೆ ಹದಿನಾಲ್ಕು ಸಾಲು ಗೀಟು ಎಳೆದರು. ಒಂದು ಗುಳಿಗೆ ನುಂಗಿಸಿದರೆ ಒಂದು ಗೀಟಿಗೆ ಅಡ್ಡ ಹೊಡೆಯುವುದು. ನಡುರಾತ್ರಿಯ ಗುಳಿಗೆಗೆ ಎದುರು ಮನೆಯ ಶಾನುಭೋಗರ ಗಡಿಯಾರ ಹನ್ನೆರಡು ಬಾರಿಸುವುದನ್ನೇ ಕಾಯುತ್ತ ಕೂತಿರುತ್ತಿದ್ದರು.

ಐದನೆಯ ದಿನಕ್ಕೆ ಅಕ್ಕನ ಮೈ ತಣ್ಣಗಾಯಿತು. ಅಜ್ಜಿ ಹೇಳಿದರು: "ಜ್ವರ ಬಿಟ್ಟಾಯ್ತಲ್ಲೇ, ಇನ್ನೂ ಯಾಕೆ ಮಗೂಗೆ ಆ ಉಷ್ಣದ ಗುಳಿಗೆ ನುಂಗಿಸ್ತೀಯ? ಉಳಿದದ್ದು ಎತ್ತಿಡು, ನಾಳೆ ಇನ್ನೊಬ್ಬರಿಗೆ ಆಗತ್ತೆ." ಅಜ್ಜಿಯ ಮಾತಿಗೆ ಎದುರಾಡದ ಅಮ್ಮ ಅಂದು ಮಾತ್ರ, "ಡಾಕ್ಟ್ರು ಹದಿನಾಲ್ಕು ದಿನ ಅಂದಿದಾರೆ ಅತ್ತೆ, ಗೋಡೆ ಮೇಲೆ ಇನ್ನೂ ಗೀಟು ಬಾಕಿ ಇದೆ" ಎಂದರು. ಕೊನೆಯ ಗೀಟಿಗೆ ಅಡ್ಡ ಬೀಳುವವರೆಗೂ ನಿಲ್ಲಿಸಲಿಲ್ಲ. ಅಕ್ಕನ ತಲೆಗೂದಲು ಉದುರಿ ಮತ್ತೆ ಬೆಳೆಯಿತು. ಓಲೆಗಳು ಮಾತ್ರ ಮರಳಿ ಬರಲಿಲ್ಲ.

ಅದೇ ಔಷಧಕ್ಕೆ ಕರಾಳ ಮುಖವೂ ಇತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಹತ್ತಾರು ಸಾವಿರ ಜನರಲ್ಲಿ ಒಬ್ಬರಿಗೆ ಅದು ಮೂಳೆಯ ಮಜ್ಜೆಯನ್ನೇ ಒಣಗಿಸಿ, ರಕ್ತ ಹುಟ್ಟದಂತೆ ಮಾಡುತ್ತಿತ್ತು. 1952ರಲ್ಲೇ ಅಮೆರಿಕದ ಸರ್ಕಾರ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಟೈಫಾಯಿಡ್ ರೋಗಿಗೆ ಈ ಅಪಾಯವನ್ನು ಎದುರಿಸುವುದು ನ್ಯಾಯ. ಸಾವು ಎದುರಿಗೇ ನಿಂತಿರುತ್ತದೆ. ಆದರೆ ನೆಗಡಿಗೂ ಗಂಟಲು ಕೆರೆತಕ್ಕೂ ಅದನ್ನೇ ಬರೆದುಕೊಡುತ್ತಿದ್ದ ಕಾಲವದು. ವೈರಸ್ಸಿನಿಂದ ಬರುವ ನೆಗಡಿಯನ್ನು ಯಾವ ಪ್ರತಿಜೈವಿಕವೂ ಗುಣಪಡಿಸಲಾರದು. ಅಲ್ಲಿ ಲಾಭ ಸೊನ್ನೆ, ಅಪಾಯ ಮಾತ್ರ ಇದ್ದಷ್ಟೇ ಇರುತ್ತದೆ.

ಅನುಪಾನದ ಪಾಠ ಕಲಿಸಿದ್ದು ಟೆಟ್ರಾಸೈಕ್ಲಿನ್ ವಂಶ. ಅದರ ಮೂಲಪುರುಷನಾದ ಆರಿಯೋಮೈಸಿನ್ನನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಅಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಲೆಡರ್ಲೆ ಪ್ರಯೋಗಾಲಯ ಸೇರಿ ಅವರು ಈ ಕೆಲಸ ಮಾಡಿದರು ಎಂಬುದು ನನ್ನಂಥ ನಿವೃತ್ತ ಮೇಷ್ಟರಿಗೆ ವಿಶೇಷ ಸಂತೋಷ ಕೊಡುವ ಸಂಗತಿ. ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಔಷಧ ಹೊರಬಂದ ವರ್ಷವೇ ಅವರು ತೀರಿಕೊಂಡರು.

ಹೊಟ್ಟೆಯುರಿಯಾಗದಿರಲೆಂದು ಇದನ್ನು ಹಾಲಿನೊಂದಿಗೆ ಕೊಡುವುದು ಸಹಜವಾಗಿ ತೋರುತ್ತದೆ. ಹಾಲಿನ ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ಈ ಔಷಧವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆಂದೂ, ಔಷಧ ರಕ್ತಕ್ಕೆ ಸೇರದೆ ಹೊರಹೋಗುತ್ತದೆಂದೂ ಕ್ರಮೇಣ ತಿಳಿಯಿತು. ಅದೇ ಸುಣ್ಣದ ನಂಟಿನಿಂದಾಗಿ, ಬೆಳೆಯುವ ಮಕ್ಕಳಿಗೆ ಕೊಟ್ಟರೆ ಹಲ್ಲುಗಳು ಶಾಶ್ವತವಾಗಿ ಹಳದಿ ಕಂದು ಬಣ್ಣಕ್ಕೆ ತಿರುಗುವುದೂ 1950ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. 1963ರಲ್ಲಿ ಇನ್ನೊಂದು ವರದಿ: ಅವಧಿ ಮೀರಿ ಕೆಟ್ಟ ಟೆಟ್ರಾಸೈಕ್ಲಿನ್ ಸೇವಿಸಿದವರ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು. ಎತ್ತಿಟ್ಟ ಔಷಧ ಎತ್ತಿಟ್ಟಲ್ಲೇ ವಿಷವಾಗಬಲ್ಲದು ಎಂದಾಯಿತು.

ಇಷ್ಟೆಲ್ಲ ಪಾಠಗಳಾದರೂ ಫ್ಲೆಮಿಂಗರ ಎಚ್ಚರಿಕೆಯನ್ನು ನಾವು ಕೇಳಲಿಲ್ಲ. 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಬಂದಿತು. ಔಷಧ ಬಡವರ ಕೈಗೆ ಎಟುಕಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಔಷಧದೊಂದಿಗೆ ಅದರ ಶಿಸ್ತು ಹಳ್ಳಿಗಳಿಗೆ ತಲುಪಲಿಲ್ಲ. 1972ರಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ಅದೇ ವರ್ಷ ಮೆಕ್ಸಿಕೋದಲ್ಲಿಯೂ ದೊಡ್ಡ ಹಾವಳಿಯಾಯಿತು. 1990ರ ಹೊತ್ತಿಗೆ ಭಾರತದಲ್ಲಿ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಜಗ್ಗದ ತಳಿ ಹರಡಿತ್ತು. ಆಗ ಸಿಪ್ರೋಫ್ಲಾಕ್ಸಸಿನ್ ಕೈಹಿಡಿಯಿತು. ಕೆಲವೇ ವರ್ಷಗಳಲ್ಲಿ ಅದರ ಬಲವೂ ಕುಂದಿತು. 2016ರ ನವೆಂಬರಿನಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ತಳಿ ಸೆಫ್ಟ್ರಿಯಾಕ್ಸೋನ್ ಸೂಜಿಮದ್ದಿಗೂ ಬಗ್ಗಲಿಲ್ಲ. ನುಂಗುವ ಔಷಧಗಳಲ್ಲಿ ಅಲ್ಲಿ ನೆಚ್ಚಿಕೊಳ್ಳಲು ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಆ ಹಾವಳಿಯನ್ನು ತಡೆಯಲು ಮಕ್ಕಳಿಗೆ ಹಾಕಿದ ಲಸಿಕೆ ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ ತಯಾರಾದದ್ದು. ಒಂದೇ ಹೆಸರಿನ ಎರಡು ನಗರಗಳ ನಡುವಿನ ಈ ನಂಟನ್ನು ಯಾವ ಗಡಿಯೂ ತಡೆಯಲಿಲ್ಲ. ರೋಗಾಣುಗಳಿಗಂತೂ ಗಡಿಯೇ ಇಲ್ಲ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಈಚಿನ ವರ್ಷಗಳಲ್ಲಿ ಕೆಲವು ತಜ್ಞರು, ಕೋರ್ಸು ಮುಗಿಸಲೇಬೇಕೆಂಬ ಹಳೆಯ ಮಾತನ್ನೇ ಪ್ರಶ್ನಿಸಿದ್ದಾರಲ್ಲ? ಹೌದು, 2017ರಲ್ಲಿ ಬ್ರಿಟನ್ನಿನ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ಚರ್ಚೆ ಬಹಿರಂಗವಾಗಿ ನಡೆಯಿತು. ಔಷಧ ಹೆಚ್ಚು ದಿನ ಸೇವಿಸಿದಷ್ಟೂ ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ಇರುವ ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಯುವ ಅವಕಾಶ ಹೆಚ್ಚು. ಹಲವು ಸೋಂಕುಗಳಿಗೆ ಹಿಂದಿಗಿಂತ ಕಡಿಮೆ ದಿನ ಸಾಕೆಂದು ಪ್ರಯೋಗಗಳು ತೋರಿಸಿವೆ. ಆದರೆ ಇದರ ಅರ್ಥ ನಮಗೆ ಮನಸ್ಸು ಬಂದಾಗ ನಿಲ್ಲಿಸಬಹುದೆಂದಲ್ಲ. ಎಷ್ಟು ದಿನ ಎಂಬುದನ್ನು ರೋಗ ನಿರ್ಧರಿಸುತ್ತದೆ, ರೋಗವನ್ನು ವೈದ್ಯರು ನಿರ್ಧರಿಸುತ್ತಾರೆ. ಟೈಫಾಯಿಡ್‌ನಲ್ಲಿ ಮರುಕಳಿಕೆಯ ಭಯ ಇಂದಿಗೂ ಇದೆ. ಕ್ಷಯದಲ್ಲಿ ಕೆಲವು ವಾರಗಳಲ್ಲಿ ಕೆಮ್ಮು ನಿಂತರೂ ಸಾಮಾನ್ಯವಾಗಿ ಆರು ತಿಂಗಳು ಔಷಧ ಬೇಕು. ಆದ್ದರಿಂದ ಚೀಟಿ ಬರೆಯುವಾಗಲೇ "ಎಷ್ಟು ದಿನ, ಯಾಕೆ?" ಎಂದು ವಿನಯದಿಂದ ಕೇಳಿ, ಹೇಳಿದಷ್ಟು ದಿನ ಸೇವಿಸುವುದು ಸರಿಯಾದ ದಾರಿ. ನಡುವೆ ನಿಲ್ಲಿಸಬೇಕೆನಿಸಿದರೆ ಮತ್ತೆ ಅವರನ್ನೇ ಕೇಳಬೇಕು.

ಉಳಿದ ನಿಯಮಗಳನ್ನು ಈ ಇತಿಹಾಸದ ಬೆಳಕಿನಲ್ಲಿ ಹೀಗೆ ಜೋಡಿಸಬಹುದು. ದಿನಕ್ಕೆ ಮೂರು ಬಾರಿ ಎಂದರೆ ಊಟಕ್ಕೊಂದು ಎಂದಲ್ಲ, ಸುಮಾರು ಎಂಟು ಗಂಟೆಗೊಮ್ಮೆ ಎಂದರ್ಥ. ರಕ್ತದಲ್ಲಿ ಔಷಧದ ಮಟ್ಟ ಇಳಿಯದಂತೆ ಕಾಯುವುದೇ ಉದ್ದೇಶ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಸೇವಿಸಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು, ಎರಡನ್ನು ಒಟ್ಟಿಗೆ ನುಂಗಬಾರದು. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್‌ಗಳನ್ನು ಹಾಲು, ಕಬ್ಬಿಣದ ಮಾತ್ರೆ, ಆಮ್ಲಶಾಮಕಗಳ ಜೊತೆ ಸೇವಿಸಬಾರದು. ಎಷ್ಟು ಗಂಟೆಯ ಅಂತರ ಬೇಕೆಂದು ಕೇಳಿಕೊಳ್ಳಬೇಕು. ಡಾಕ್ಸಿಸೈಕ್ಲಿನ್ನನ್ನು ಒಂದು ಲೋಟ ತುಂಬ ನೀರಿನೊಂದಿಗೆ ಕುಳಿತು ನುಂಗಿ, ಕೂಡಲೇ ಮಲಗದಿರಬೇಕು. ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಮಕ್ಕಳ ಪುಡಿ ಸಿರಪ್ಪಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಮಾತ್ರ ಹಾಕಿ, ಪ್ರತಿ ಬಾರಿಯೂ ಕುಲುಕಿ, ಸೀಸೆಯೊಡನೆ ಬಂದ ಅಳತೆಯ ಮುಚ್ಚಳದಲ್ಲೇ ಕೊಡಬೇಕು. ಅಡಿಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಕಲಸಿದ ಸಿರಪ್ಪು ಸೀಸೆಯ ಮೇಲೆ ಬರೆದ ದಿನಗಳಾಚೆ ಉಳಿದರೆ ಎಸೆಯಬೇಕು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯಿರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ. ನನ್ನೊಡನೆ ಗಣಿತ ಪಾಠ ಮಾಡುತ್ತಿದ್ದ ಹಿರಿಯ ಮಿತ್ರರೊಬ್ಬರು ಮಗನ ಗಂಟಲು ಬೇನೆಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಯನ್ನು ತಮ್ಮ ಹಲ್ಲುನೋವಿಗೆ ನುಂಗಿದರು. ಅರ್ಧ ಗಂಟೆಯಲ್ಲಿ ಮೈಯೆಲ್ಲ ದದ್ದು, ತುಟಿ ಗಂಟಲು ಊದಿ ಉಸಿರು ಕಟ್ಟಿತು. ಪಕ್ಕದ ಮನೆಯ ಹುಡುಗ ಆಟೋದಲ್ಲಿ ಆಸ್ಪತ್ರೆಗೆ ಓಡಿಸಿದ್ದರಿಂದ ಜೀವ ಉಳಿಯಿತು. ತಮಗೆ ಪೆನಿಸಿಲಿನ್ ಒಗ್ಗದು ಎಂಬುದು ಅರವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ತಿಳಿಯಿತು. ಈಗ ಅಂಗಿಯ ಜೇಬಿನಲ್ಲಿ ಆ ಮಾತನ್ನು ಬರೆದ ಚೀಟಿ ಇಟ್ಟುಕೊಂಡೇ ಓಡಾಡುತ್ತಾರೆ. ದದ್ದು, ಮುಖದ ಊತ, ಏದುಸಿರು ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನೀರಿನಂತೆ ಅಥವಾ ರಕ್ತದೊಡನೆ ಭೇದಿಯಾದರೆ ತಡಮಾಡದೆ ವೈದ್ಯರಿಗೆ ಹೇಳಬೇಕು.

ಕಾನೂನು ಮಾಡುವಷ್ಟನ್ನು ಮಾಡಿದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್‌ 1 ಅನುಸೂಚಿಯಂತೆ ಹಲವು ಪ್ರಮುಖ ಪ್ರತಿಜೈವಿಕಗಳನ್ನು ಮಾರುವಾಗ ಅಂಗಡಿಯವರು ವೈದ್ಯರ, ರೋಗಿಯ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ಮಾತ್ರೆಯ ಹಾಳೆಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ಕೈಗೊಂಡಿತು. ಆ ಗೆರೆಯಿದ್ದರೆ ಚೀಟಿಯಿಲ್ಲದೆ ಕೊಳ್ಳಬಾರದು ಎಂದರ್ಥ. ಮನೆಯ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಿದರೆ ಅಂಥ ಗೆರೆಯುಳ್ಳ ಅರ್ಧ ಹಾಳೆಗಳು ಎಷ್ಟಿವೆಯೆಂದು ತಿಳಿಯುತ್ತದೆ.

ಬಾವಿಯ ನೀರು ಊರಿನದು ಎಂದು ಹಿರಿಯರು ತಿಳಿದಿದ್ದರು; ಬೇಸಿಗೆಯಲ್ಲಿ ಒಬ್ಬನ ಪೋಲು ಎಲ್ಲರ ಬಾಯಾರಿಕೆಯಾಗುತ್ತಿತ್ತು. ಪ್ರತಿಜೈವಿಕಗಳು ಅಂಥದೇ ಸಾಮುದಾಯಿಕ ಬಾವಿ. ಇನ್ನೂ ಹುಟ್ಟದ ಮಕ್ಕಳಿಗೂ ಅದರಲ್ಲಿ ಪಾಲಿದೆ. ಬೇಡವಾದಾಗ ಮುಟ್ಟದೆ, ಬೇಕಾದಾಗ ಹೊತ್ತು, ಅನುಪಾನ, ದಿನಗಳನ್ನು ತಪ್ಪಿಸದೆ ಸೇವಿಸಿದರೆ, ನಾವು ಗುಣವಾಗುವುದರ ಜೊತೆಗೆ ಅವರ ಪಾಲನ್ನೂ ಉಳಿಸಿದಂತಾಗುತ್ತದೆ.